ಮಜ್ಜೆಗೂ ಸಾಲಾವಳಿ ಕೂಡಿಬರಬೇಕು

1958ರ ಅಕ್ಟೋಬರ್. ಆಗಿನ ಯುಗೋಸ್ಲಾವಿಯಾದ ವಿಂಚಾ ಅಣು ಸಂಶೋಧನಾ ಕೇಂದ್ರದಲ್ಲಿ ರಿಯಾಕ್ಟರ್ ಹತೋಟಿ ತಪ್ಪಿ ಆರು ಜನರಿಗೆ ವಿಕಿರಣ ತಾಗಿತು. ವಿಕಿರಣದ ದೊಡ್ಡ ಪೆಟ್ಟು ಬೀಳೋದು ಮೂಳೆಯೊಳಗಿನ ಮಜ್ಜೆಗೆ. ರಕ್ತ ಹುಟ್ಟಿಸೋ ಕಾಂಡಕೋಶಗಳು ಇರೋದು ಅಲ್ಲೇ. ಆರೂ ಜನರನ್ನ ಪ್ಯಾರಿಸ್‌ಗೆ ಸಾಗಿಸಿದರು. ಅಲ್ಲಿ ಜಾರ್ಜ್ ಮಾಥೆ ಅನ್ನೋ ಡಾಕ್ಟರು ಐವರಿಗೆ ಬೇರೆಯವರ ಮಜ್ಜೆ ಕೊಟ್ಟರು. ದಾನಿಗಳು ರಕ್ತಸಂಬಂಧಿಗಳಲ್ಲ, ಗುರುತು ಪರಿಚಯ ಇಲ್ಲದ ಫ್ರೆಂಚರು. ಐವರಲ್ಲಿ ನಾಲ್ವರು ಬದುಕಿದರು. ಆದರೆ ಕೊಟ್ಟ ಮಜ್ಜೆ ಒಳಗೆ ನಿಲ್ಲಲಿಲ್ಲ, ಕೊನೆಗೆ ಚೇತರಿಸಿಕೊಂಡಿದ್ದು ಅವರದ್ದೇ ಮಜ್ಜೆ.

ಅದರ ಹಿಂದಿನ ವರ್ಷ ಅಮೆರಿಕದಲ್ಲಿ ಡೊನಾಲ್ ಥಾಮಸ್ ಆರು ರೋಗಿಗಳಿಗೆ ಮಜ್ಜೆ ಹಾಕಿದ ವರದಿ ಬರೆದಿದ್ದರು. ಒಬ್ಬರೂ ಉಳಿದಿರಲಿಲ್ಲ.

ಯಾಕೆ ಹೀಗೆ? ಉತ್ತರದ ಒಂದು ಎಳೆ 1958ರಲ್ಲೇ, ಪ್ಯಾರಿಸ್‌ನಲ್ಲೇ ಸಿಕ್ಕಿತು. ಹಿಡಿದವರು ಝಾನ್ ದೋಸೆ (ಹೌದು, ಉಚ್ಚಾರ ಹೆಚ್ಚೂಕಮ್ಮಿ ನಮ್ಮ ದೋಸೆಯೇ!). ಬಿಳಿ ರಕ್ತಕಣದ ಮೈಮೇಲೆ ಜನರಿಂದ ಜನರಿಗೆ ಬೇರೆಯಾಗೋ ಒಂದು ಗುರುತು ಇದೆ ಅಂತ ಅವರು ತೋರಿಸಿದರು. ಮುಂದೆ ಅಂಥ ಎಷ್ಟೋ ಗುರುತುಗಳು ಸಿಕ್ಕವು. ಅವೆಲ್ಲಕ್ಕೂ ಎಚ್‌ಎಲ್‌ಎ ಅಂತ ಹೆಸರಾಯ್ತು.

ಇದು ಆಫೀಸಿನ ಐಡಿ ಕಾರ್ಡ್ ಇದ್ದ ಹಾಗೆ. ಕಿಡ್ನಿ ಹೊರಗಿನಿಂದ ಬಂದರೆ ನಮ್ಮ ಸೆಕ್ಯುರಿಟಿ ಅದನ್ನ ತಡೀತಾನೆ. ಮಜ್ಜೆಯ ವಿಷಯದಲ್ಲಿ ಹೊಸದಾಗಿ ಬರೋದೇ ಸೆಕ್ಯುರಿಟಿ! ಕಾರ್ಡ್ ಹೊಂದದಿದ್ದರೆ ಅವನು ಮನೆಯವರನ್ನೇ ಕಳ್ಳರು ಅಂದುಕೊಂಡು ಚರ್ಮ, ಕರುಳು, ಲಿವರ್ ಮೇಲೆ ಬೀಳ್ತಾನೆ.

ನಮ್ಮೂರಲ್ಲಿ ಮದುವೆ ಮಾತು ಬಂದ ಕೂಡಲೇ ಸಾಲಾವಳಿ ನೋಡಿಸ್ತಾರೆ. ಎಚ್‌ಎಲ್‌ಎ ಸಾಲಾವಳಿ ಬರೆಯೋರು ಅಪ್ಪ ಅಮ್ಮ. ಇಬ್ಬರಿಂದಲೂ ಅರ್ಧರ್ಧ ಬರುತ್ತೆ. ಹಾಗಾಗಿ ಒಡಹುಟ್ಟಿದವರಲ್ಲೂ ಪೂರ್ತಿ ಹೊಂದೋ ಸಾಧ್ಯತೆ ನಾಲ್ಕರಲ್ಲಿ ಒಂದು ಅಷ್ಟೇ. 1968ರಲ್ಲಿ ರಾಬರ್ಟ್ ಗುಡ್ ಮಿನೆಸೊಟಾದಲ್ಲಿ ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಇಲ್ಲದ ಮಗುವಿಗೆ ಅದರ ಅಕ್ಕನ ಮಜ್ಜೆ ಹಾಕಿದರು. ಮಗು ಬದುಕಿ ದೊಡ್ಡದಾಯ್ತು.

ಅಕ್ಕ ಇಲ್ಲದವರು? ಲಂಡನ್‌ನಲ್ಲಿ ಶರ್ಲಿ ನೋಲನ್ ಅನ್ನೋ ತಾಯಿ ಮಗ ಆಂಥನಿಗಾಗಿ 1974ರಲ್ಲಿ ದಾನಿಗಳ ಪಟ್ಟಿ ಶುರುಮಾಡಿದರು. ಅವನಿಗೆ ಹೊಂದುವವರು ಸಿಗಲೇ ಇಲ್ಲ. 1979ರಲ್ಲಿ ಹುಡುಗ ತೀರಿಕೊಂಡ. ಪಟ್ಟಿ ಮಾತ್ರ ಬೆಳೀತಾ ಹೋಗಿ ಬೇರೆಯವರ ಮಕ್ಕಳನ್ನ ಉಳಿಸಿತು. ಥಾಮಸ್ ಕೂಡ ಸೋತು ಕೂರಲಿಲ್ಲ, ವರ್ಷಗಟ್ಟಲೆ ನಾಯಿಗಳ ಮೇಲೆ ಪ್ರಯೋಗ ನಡೆಸಿ ಮತ್ತೆ ರೋಗಿಗಳ ಹತ್ತಿರ ಬಂದರು. 1990ರಲ್ಲಿ ಅವರಿಗೆ ನೊಬೆಲ್ ಬಂತು. ದೋಸೆಯವರಿಗೆ 1980ರಲ್ಲೇ ಬಂದಿತ್ತು.

ಈ ಕತೆ ನಮಗೆ ತಾಗೋದು ಇಲ್ಲಿ. ಎಚ್‌ಎಲ್‌ಎ ವಂಶದ ಜಾಡು ಹಿಡಿದು ಬರುತ್ತೆ. ಅಮೆರಿಕದ ಪಟ್ಟಿಯ ಬಗ್ಗೆ 2014ರಲ್ಲಿ ಬಂದ ಲೆಕ್ಕದಲ್ಲಿ ಯುರೋಪ್ ಮೂಲದ ಬಿಳಿಯರಿಗೆ ಪೂರ್ತಿ ಹೊಂದೋ ದಾನಿ ಸಿಗೋ ಸಾಧ್ಯತೆ ಶೇ. 75. ಕೆಲವು ಕಪ್ಪು ಜನಾಂಗದವರಿಗೆ ಬರೀ ಶೇ. 16. ತಲೆತಲಾಂತರದಿಂದ ಒಳಗೊಳಗೇ ಮದುವೆಯಾಗ್ತಾ ಬಂದ ನಮ್ಮವರಿಗೆ ಹೊಂದೋ ಕಾಂಡಕೋಶ ಸಿಗೋದು ಹೆಚ್ಚಾಗಿ ನಮ್ಮವರಲ್ಲೇ. ಈಗ ಔಷಧಿಯ ಬಲದಿಂದ ಅರ್ಧ ಹೊಂದೋ ಅಪ್ಪ ಅಮ್ಮನದ್ದನ್ನೂ ಹಾಕ್ತಾರೆ, ಆದರೆ ಎಲ್ಲರಿಗೂ ಅದೇ ಸರಿಹೋಗಲ್ಲ.

ಪಟ್ಟಿಗೆ ಸೇರೋಕೆ ಕೆನ್ನೆಯೊಳಗೆ ಹತ್ತಿಕಡ್ಡಿ ಸವರಿಕೊಂಡರೆ ಸಾಕು. ಹೊಂದಾಣಿಕೆ ಬಂದರೆ ಹೆಚ್ಚಿನ ಸಲ ಕೆಲವು ದಿನ ಇಂಜೆಕ್ಷನ್ ಕೊಟ್ಟು ತೋಳಿನ ರಕ್ತದಿಂದಲೇ ಕಾಂಡಕೋಶ ತಗೋತಾರೆ. ಬೆಂಗಳೂರಲ್ಲೇ ಡಿಕೆಎಂಎಸ್ ಫೌಂಡೇಶನ್ ಇಂಡಿಯಾ ಇದೆ. ಮುಂದಿನ ವೀಕೆಂಡ್ ಪ್ಲಾನ್‌ಗೆ ಇದನ್ನೂ ಸೇರಿಸಿಕೊಳ್ಳಿ.