ಗಿಡ್ಡಕಾಲಿನ ನಾಯಿಗಳ ಬೆನ್ನುರೋಗ: ಒಂದು ವಂಶವಾಹಿ ಪರೀಕ್ಷೆಯ ಪೂರ್ವೇತಿಹಾಸ

ಪ್ರಾಣಿತಳಿಗಳ ಚರಿತ್ರೆಯನ್ನು ಬರೆಯುವವರು ಚಿತ್ರ, ಶಿಲ್ಪ, ಬೇಟೆಯ ಗ್ರಂಥ, ವಂಶಾವಳಿಯ ಪುಸ್ತಕ ಇವುಗಳನ್ನೇ ಆಧಾರವಾಗಿ ಇಟ್ಟುಕೊಳ್ಳುವುದು ವಾಡಿಕೆ. 2009 ಮತ್ತು 2017ರಲ್ಲಿ ಪ್ರಕಟವಾದ ಎರಡು ಸಂಶೋಧನೆಗಳ ತರುವಾಯ ಪ್ರಾಣಿಯ ದೇಹವೂ ಒಂದು ದಾಖಲೆಯೆಂದು ಒಪ್ಪಬೇಕಾಗಿದೆ. ಜರ್ಮನಿಯ ಡ್ಯಾಶ್‌ಹುಂಡ್ ನಾಯಿಯ ವಿಷಯದಲ್ಲಿ ಈ ದಾಖಲೆ ಏನನ್ನು ಹೇಳುತ್ತದೆ, ಎಲ್ಲಿ ಮೂಕವಾಗುತ್ತದೆ ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಬ್ಯಾಡ್ಜರ್ ಎಂಬ ಬಿಲವಾಸಿ ಪ್ರಾಣಿಯನ್ನು ಬೆನ್ನಟ್ಟಿ ನೆಲದೊಳಕ್ಕೆ ನುಗ್ಗುವುದೇ ಈ ನಾಯಿಯ ಕಸುಬು; ಹೆಸರಿನ ಅರ್ಥವೂ ಅದೇ. ಈಜಿಪ್ಟಿನ ಬೆನಿ ಹಸನ್ ಸಮಾಧಿಗಳ ಗೋಡೆಗಳ ಮೇಲೂ ಗಿಡ್ಡಕಾಲಿನ ನಾಯಿಯ ಚಿತ್ರವುಂಟು. ಅಷ್ಟರಿಂದಲೇ ಅದನ್ನು ಡ್ಯಾಶ್‌ಹುಂಡ್‌ನ ಪೂರ್ವಜವೆನ್ನುವುದು ಸಾಹಸವಾದೀತು. ಜರ್ಮನಿಯಲ್ಲಿ ತಳಿಯ ಲಕ್ಷಣಗಳನ್ನು ಬರೆದಿಟ್ಟದ್ದು 1879ರಲ್ಲಿ. ತಳಿಸಂಘ ಹುಟ್ಟಿದ್ದು 1888ರಲ್ಲಿ. ಅಂದಿನಿಂದ ಗಿಡ್ಡಕಾಲು ಬೇಟೆಗಾರನ ಅನುಕೂಲವಾಗಿ ಮಾತ್ರ ಉಳಿಯದೆ ತಳಿಯ ಗುರುತಾಯಿತು.

ಇದೇ ಕಾಲದಲ್ಲಿ ಹರ್ಮನ್ ಡೆಕ್ಸ್‌ಲರ್ ಎಂಬ ಪಶುವೈದ್ಯವಿಜ್ಞಾನಿಯು ಹಿಂಗಾಲು ಬಿದ್ದುಹೋದ ನಾಯಿಗಳ ಬೆನ್ನೆಲುಬಿನ ನಾಳದಲ್ಲಿ ಮೃದ್ವಸ್ಥಿಯಂಥ ವಸ್ತುವನ್ನು ಕಂಡು 1896ರಲ್ಲಿ ವರ್ಣಿಸಿದನು. ಅದು ಎಲುಬುಗಳ ನಡುವಣ ಮೆತ್ತೆಯಿಂದ, ಅಂದರೆ ಡಿಸ್ಕ್‌ನಿಂದ, ಸಿಡಿದು ಬಂದದ್ದೆಂಬ ತಿಳಿವಳಿಕೆ ನೆಲೆಗೊಳ್ಳಲು ಅರ್ಧ ಶತಮಾನವೇ ಹಿಡಿಯಿತು. ಸ್ವೀಡನ್ನಿನ ಹಾನ್ಸೆನ್ 1952ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಎರಡು ಬಗೆಯ ಕ್ಷಯವನ್ನು ವಿಂಗಡಿಸಿದನು. ಗಿಡ್ಡಕಾಲಿನ ತಳಿಗಳಲ್ಲಿ ಡಿಸ್ಕ್‌ನ ಲೋಳೆಯಂಥ ತಿರುಳು ಎಳೆ ವಯಸ್ಸಿನಲ್ಲಿಯೇ ಮೃದ್ವಸ್ಥಿಯಂತಾಗಿ, ಸುಣ್ಣಗಟ್ಟಿ, ಒಂದು ದಿನ ಹಠಾತ್ತಾಗಿ ಒಡೆದು ಬೆನ್ನುಹುರಿಯನ್ನು ಅದುಮುತ್ತದೆ. ನಿನ್ನೆ ಓಡಾಡಿದ ನಾಯಿ ಇಂದು ಹಿಂಗಾಲೆಳೆಯುತ್ತದೆ. ಹಾನ್ಸೆನ್ನನ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ.

2009ರಲ್ಲಿ ಹೈಡಿ ಪಾರ್ಕರ್, ಇಲೇನ್ ಆಸ್ಟ್ರಾಂಡರ್ ಮುಂತಾದವರು ಗಿಡ್ಡಕಾಲಿನ ಕಾರಣವನ್ನು 18ನೆಯ ವರ್ಣತಂತುವಿನಲ್ಲಿ ಕಂಡರು. ಎಲುಬಿನ ಬೆಳವಣಿಗೆಗೆ ಸಂಬಂಧಿಸಿದ ಎಫ್‌ಜಿಎಫ್4 ಎಂಬ ವಂಶವಾಹಿಯ ಹೆಚ್ಚುವರಿ ಪ್ರತಿಯೊಂದು ಅಲ್ಲಿ ಸೇರಿಕೊಂಡಿತ್ತು. ಶಾಸನಶಾಸ್ತ್ರದ ಮಾತಿನಲ್ಲಿ, ಒಂದೂರಿನ ಶಾಸನದ ಪ್ರತಿಯನ್ನು ಇನ್ನೊಂದೂರಿನಲ್ಲಿ ನೆಟ್ಟಂತೆ. ಆದರೆ ಇದು ಬೆನ್ನುರೋಗಕ್ಕೆ ಉತ್ತರವಾಗಲಿಲ್ಲ. 2017ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಡೇವಿಸ್ ಕೇಂದ್ರದಲ್ಲಿ ಎಮಿಲಿ ಬ್ರೌನ್, ಡಾನಿಕಾ ಬನಾಷ್ ಮೊದಲಾದವರು ಅದೇ ವಂಶವಾಹಿಯ ಮತ್ತೊಂದು ಪ್ರತಿಯನ್ನು 12ನೆಯ ವರ್ಣತಂತುವಿನಲ್ಲಿ ಗುರುತಿಸಿದರು. ಕಾಲನ್ನು ಗಿಡ್ಡಗೊಳಿಸುವುದಲ್ಲದೆ ಡಿಸ್ಕನ್ನು ಕೆಡಿಸುವುದೂ ಇದೇ. ಅಪಾಯಕ್ಕೆ ಒಂದು ಪ್ರತಿಯೇ ಸಾಕು. ಇಂದು ಕೆನ್ನೆಯೊಳಗಿನ ಜೀವಕೋಶಗಳನ್ನು ಒರೆಸಿ ತೆಗೆದು ಎರಡು ಪ್ರತಿಗಳನ್ನೂ ಪರೀಕ್ಷಿಸಬಹುದು.

ಗಿಡ್ಡಕಾಲೆಂದರೆ ಬೆನ್ನುರೋಗವೆಂಬ ಸಮೀಕರಣ ಇದರಿಂದ ಒಡೆಯಿತು. ಕೇರ್ನ್ ಟೆರಿಯರ್, ವೆಸ್ಟ್ ಹೈಲ್ಯಾಂಡ್ ಟೆರಿಯರ್ ತಳಿಗಳ ಕಾಲು ಗಿಡ್ಡವಾದುದು 18ನೆಯ ವರ್ಣತಂತುವಿನ ಪ್ರತಿಯಿಂದ. ಡ್ಯಾಶ್‌ಹುಂಡ್‌ನಲ್ಲಿ ಎರಡೂ ಇವೆ. ಕಣ್ಣಳತೆಯಿಂದ ಆರಿಸಿದ ಹತ್ತೊಂಬತ್ತನೆಯ ಶತಮಾನದ ತಳಿಗಾರನಿಗೆ ಇವೆರಡನ್ನು ಬೇರ್ಪಡಿಸುವ ಉಪಾಯವಿರಲಿಲ್ಲ. ಅವನನ್ನು ದೂಷಿಸುವುದು ಅನುಚಿತ.

ಆದರೆ ಪರೀಕ್ಷೆ ಯಾರಿಗೆ ಅತ್ಯಂತ ಅಗತ್ಯವೋ ಅವರಿಗೇ ಅದು ಕಡಿಮೆ ಹೇಳುತ್ತದೆ. 12ನೆಯ ವರ್ಣತಂತುವಿನ ಪ್ರತಿ ಡ್ಯಾಶ್‌ಹುಂಡ್‌ಗಳಲ್ಲಿ ಬಹುಮಟ್ಟಿಗೆ ಸಾರ್ವತ್ರಿಕವಾಗಿದೆ; ರೋಗ ಕಾಣಿಸಿಕೊಳ್ಳುವುದಾದರೋ ನಾಲ್ಕೈದರಲ್ಲಿ ಒಂದಕ್ಕೆ. ಎಲ್ಲರ ಕೈಯಲ್ಲಿಯೂ ಒಂದೇ ಬಗೆಯ ಪ್ರಮಾಣಪತ್ರವಿದ್ದರೆ ಆರಿಸುವುದು ಹೇಗೆ? ಆದುದರಿಂದಲೇ ಡೆನ್ಮಾರ್ಕ್ ಮೊದಲಾದ ದೇಶಗಳಲ್ಲಿ ಎರಡರಿಂದ ನಾಲ್ಕು ವರ್ಷದೊಳಗಿನ ನಾಯಿಗಳಿಗೆ ಕ್ಷ-ಕಿರಣ ಚಿತ್ರ ತೆಗೆದು, ಸುಣ್ಣಗಟ್ಟಿದ ಡಿಸ್ಕ್‌ಗಳನ್ನು ಎಣಿಸಿ, ಕಡಿಮೆಯಿದ್ದವನ್ನು ಸಂತಾನಕ್ಕೆ ಬಿಡುವ ಹಳೆಯ ಕ್ರಮವನ್ನೇ ನೆಚ್ಚಿದ್ದಾರೆ. ಪ್ರತಿಯುಳ್ಳವೂ ಇಲ್ಲದವೂ ಬೆರೆತಿರುವ ತಳಿಗಳಲ್ಲಿ ಮಾತ್ರ ಹೊಸ ಪರೀಕ್ಷೆ ನಿಜವಾಗಿ ಉಪಯುಕ್ತ. ಡ್ಯಾಶ್‌ಹುಂಡ್‌ನಿಂದ ಆ ಪ್ರತಿಯನ್ನು ತೆಗೆಯಬೇಕಾದರೆ ಅದಿಲ್ಲದ ಅನ್ಯತಳಿಯ ರಕ್ತವನ್ನು ಬೆರೆಸಬೇಕಾದೀತು. ವಂಶಾವಳಿಯ ಪುಸ್ತಕವನ್ನು ಸಂಘಗಳು ಇಟ್ಟುಕೊಂಡು ಬಂದಿರುವುದು ಹಾಗೆ ಬೆರೆಯದಿರಲೆಂದೇ.