ಆಸವ–ಅರಿಷ್ಟ ಭೇದ: ಶಾರ್ಙ್ಗಧರನ ಲಕ್ಷಣದ ಪುನರ್ವಿಮರ್ಶೆ

ಕಪಿಲೆಯ ದಡದ ನಂಜನಗೂಡಿನಿಂದ ಆ ನದಿಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದವರೆಗೆ, ಊಟವಾದ ಮೇಲೆ ದಶಮೂಲಾರಿಷ್ಟಕ್ಕೆ ಸಮಭಾಗ ನೀರು ಬೆರೆಸಿ ಕುಡಿಯುವ ಹಿರಿಯರು, ಶಾಸ್ತ್ರದೃಷ್ಟಿಯಿಂದ ಅದು ಮದ್ಯವರ್ಗಕ್ಕೆ ಸೇರಿದ್ದೆಂದರೆ ಬೆಚ್ಚಿಬಿದ್ದಾರು. ನಂಜುಂಡನನ್ನು ಟಿಪ್ಪುವು ಹಕೀಮನೆಂದು ಕರೆದನೆಂಬ ಪ್ರತೀತಿಯುಳ್ಳ, 1913ರಲ್ಲಿ ಬಿ. ವಿ. ಪಂಡಿತರು ಸದ್ವೈದ್ಯಶಾಲೆಯನ್ನು ತೆರೆದ ಊರಿನಲ್ಲಿ ಅದಕ್ಕೆ ಔಷಧದ ಮರ್ಯಾದೆಯೇ ಸಲ್ಲುತ್ತ ಬಂದಿದೆ.

ಹುದುಗಿಸಿ ಮಾಡುವ ಇಂಥ ಔಷಧಗಳಿಗೆ ಪ್ರಮಾಣವನ್ನು ಬೇರೆ ಹೇಳದಿದ್ದಲ್ಲಿ ದ್ರವ ಒಂದು ದ್ರೋಣಕ್ಕೆ ಬೆಲ್ಲ ಒಂದು ತುಲಾ, ಜೇನು ಅದರರ್ಧ, ಪ್ರಕ್ಷೇಪದ್ರವ್ಯ ಬೆಲ್ಲದ ದಶಮಾಂಶ ಎಂಬ, ಚರಕನ ನಂತರದ ಗ್ರಂಥಕಾರ ಶಾರ್ಙ್ಗಧರನ ವಿಧಿ ಸರ್ವಸಮ್ಮತ. ವಿವಾದವಿರುವುದು ಹೆಸರಿನಲ್ಲಿ. ಕುದಿಸದ ಔಷಧಜಲದಿಂದಾದುದು ಆಸವ, ಕಷಾಯದಿಂದಾದುದು ಅರಿಷ್ಟ ಎಂಬ ಅವನ ಲಕ್ಷಣವನ್ನು ಆಧುನಿಕ ಪಠ್ಯಗಳೂ ಅನಾದಿಯೆಂಬಂತೆ ಒಪ್ಪಿಕೊಂಡಿವೆ.

ಚರಕಸಂಹಿತೆಯ ಪ್ರಮೇಹಚಿಕಿತ್ಸೆಯ ಮಧ್ವಾಸವವನ್ನು ನೋಡೋಣ. ಲೋಧ್ರಾದಿಗಳನ್ನು ಒಂದು ದ್ರೋಣ ನೀರಿನಲ್ಲಿ ಕುದಿಸಿ, ಕಾಲುಭಾಗಕ್ಕಿಳಿಸಿ, ಸೋಸಿ, ಅರ್ಧಭಾಗ ಜೇನು ಬೆರೆಸಿ, ತುಪ್ಪ ಸವರಿದ ಪಾತ್ರೆಯಲ್ಲಿ ಒಂದು ಪಕ್ಷ ಇಡಬೇಕೆಂದು ಅಲ್ಲಿ ವಿಧಿಸಿದೆ. ಇದು ಅಪ್ಪಟ ಕಷಾಯ. ಹೆಸರು ಮಾತ್ರ ಆಸವ. ಲಿಪಿಕಾರನ ಕೈವಾಡವೆನ್ನೋಣವೇ? ಹೆಸರಿರುವುದು ಶ್ಲೋಕಪಾದದ ಆದಿಯಲ್ಲಿ. 'ಮಧ್ವರಿಷ್ಟ'ವೆಂದು ತಿದ್ದಿದರೆ ಗುರುವಿರಬೇಕಾದ ಎರಡನೆಯ ಅಕ್ಷರ ಲಘುವಾಗಿ, ಲಘುವಿರಬೇಕಾದ ಮೂರನೆಯದು ಗುರುವಾಗಿ ಛಂದಸ್ಸೇ ಮುರಿಯುತ್ತದೆ. ಸಂಹಿತೆಯನ್ನು ಪೂರ್ತಿಗೊಳಿಸಿದ ದೃಢಬಲನ ಸೇರ್ಪಡೆಯೆನ್ನಲೂ ಬಾರದು. ಚಿಕಿತ್ಸಾಸ್ಥಾನದ ಮೊದಲ ಎಂಟು ಅಧ್ಯಾಯಗಳು ಅವನವಲ್ಲವೆಂಬುದು, ಅವನ ಭಾಗ ಯಾವುದೆಂದು ವಾದಿಸುವ ಉಭಯಪಕ್ಷಕ್ಕೂ ಸಮ್ಮತ, ಇದು ಆರನೆಯದು.

ಆದುದರಿಂದ ಚರಕನ ಕಾಲಕ್ಕೆ ಕುದಿಸುವಿಕೆಯು ಹೆಸರನ್ನು ನಿರ್ಣಯಿಸುತ್ತಿರಲಿಲ್ಲವೆಂದು ನನಗೆ ತೋರುತ್ತದೆ. 'ತೋರುತ್ತದೆ' ಎಂದೇ ಹೇಳುತ್ತೇನೆ. ಒಂದೇ ಯೋಗದ ಬಲದಿಂದ ಇದಕ್ಕಿಂತ ಹೆಚ್ಚಿಗೆ ಹೇಳುವುದು ಸಾಹಸವಾದೀತು. ಮಜ್ಜಿಗೆಗೆ ಚೂರ್ಣಗಳನ್ನು ಹಾಕಿ, ಕುದಿಸದೆ ಹುಳಿಯಿಸಿದ ತಕ್ರಾರಿಷ್ಟವು ವಿಲೋಮಸಾಕ್ಷಿಯಂತೆ ಒದಗುವುದಾದರೂ, ಅದಿರುವ ಅರ್ಶಶ್ಚಿಕಿತ್ಸೆಯ ಕರ್ತೃತ್ವವು ವಿವಾದಗ್ರಸ್ತವಾದುದರಿಂದ ಅದರ ಮೇಲೆ ಬಹಳ ಭಾರ ಹಾಕಲಾರೆ. ದಶಮೂಲಾರಿಷ್ಟ, ಕುಮಾರ್ಯಾಸವಗಳಲ್ಲಿ ಶಾರ್ಙ್ಗಧರನ ಭೇದವು ನಿರ್ದುಷ್ಟವಾಗಿ ನಿಲ್ಲುತ್ತದೆಂಬುದನ್ನೂ ಮರೆಮಾಚಬಾರದು.

ಹಾಗಾದರೆ ಈ ಗೆರೆ ಬಿದ್ದುದು ಯಾವಾಗ? ಸುಶ್ರುತ, ವಾಗ್ಭಟರ ಯೋಗಗಳನ್ನು ಒಂದೊಂದಾಗಿ, ಹೆಸರನ್ನು ಮುಚ್ಚಿ ವಿಧಿಯನ್ನಷ್ಟೇ ಓದಿ ವಿಂಗಡಿಸಿದಲ್ಲದೆ ಇದಕ್ಕೆ ಉತ್ತರ ದೊರೆಯದು. ಆ ಕೆಲಸ ಇನ್ನೂ ಉಳಿದಿದೆ.