ಜೀವಾವಧಿ ಶಿಕ್ಷೆ: ಅರ್ಜಿ ವಜಾ ಆದ ಮೇಲೆ ಉಳಿಯುವ ದಾರಿ

ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಮ್ಯಾಜಿಸ್ಟ್ರೇಟರ ಮುಂದೆ ಬರುವ ಕೊಲೆ ಮೊಕದ್ದಮೆ ವಿಚಾರಣೆಗೆ ಸೆಷನ್ಸ್ ನ್ಯಾಯಾಲಯಕ್ಕೆ ಹೋಗುತ್ತದೆ. ಜೀವಾವಧಿ ಶಿಕ್ಷೆಯಾದರೆ 60 ದಿನದೊಳಗೆ ಬೆಂಗಳೂರಿನ ಹೈಕೋರ್ಟಿಗೆ ಮೇಲ್ಮನವಿ. ಅಲ್ಲಿಯೂ ದೆಹಲಿಯಲ್ಲಿಯೂ ಸೋತ ಮನೆಯವರು ‘ಹದಿನಾಲ್ಕು ವರ್ಷ ಆದರೆ ಬಿಟ್ಟುಬಿಡುತ್ತಾರೆ’ ಎಂಬ ನಂಬಿಕೆಯ ಮೇಲೆ ದಿನ ದೂಡುತ್ತಾರೆ. ಆ ನಂಬಿಕೆಗೆ ಕಾನೂನಿನ ಬಲವಿಲ್ಲ. ಸರ್ಕಾರ ಮಾಫಿ ಕೊಡದಿದ್ದರೆ ಜೀವಾವಧಿ ಶಿಕ್ಷೆ ಬದುಕಿರುವವರೆಗಿನ ಸೆರೆಯೇ ಎಂದು ಸುಪ್ರೀಂ ಕೋರ್ಟು ಗೋಪಾಲ ಗೋಡ್ಸೆ ಪ್ರಕರಣದಲ್ಲಿ 1961ರಲ್ಲೇ ಹೇಳಿದೆ.

ಹದಿನಾಲ್ಕರ ಲೆಕ್ಕ ಹುಟ್ಟಿದ್ದು 1978ರ ತಿದ್ದುಪಡಿಯಿಂದ. ಮರಣದಂಡನೆಗೂ ಅವಕಾಶವಿರುವ ಅಪರಾಧದಲ್ಲಿ ಜೀವಾವಧಿ ಶಿಕ್ಷೆಯಾದವರನ್ನು 14 ವರ್ಷಕ್ಕೆ ಮೊದಲು ಬಿಡಬಾರದು ಎಂದಿತು ದಂಡ ಪ್ರಕ್ರಿಯಾ ಸಂಹಿತೆಯ 433ಎ ಕಲಂ. ಆಮೇಲೆ ಬಿಡಲೇಬೇಕು ಎಂದು ಅದು ಎಲ್ಲಿಯೂ ಹೇಳಲಿಲ್ಲ. 1980ರ ಮಾರು ರಾಮ್ ತೀರ್ಪು ಈ ಕಲಮನ್ನು ಎತ್ತಿಹಿಡಿದರೂ, 161ನೇ ವಿಧಿಯಡಿ ರಾಜ್ಯಪಾಲರಿಗಿರುವ ಕ್ಷಮಾದಾನದ ಅಧಿಕಾರಕ್ಕೆ ಇದು ಅಡ್ಡಬಾರದು ಎಂದಿತು.

ಶಿಕ್ಷೆಯನ್ನು ಇನ್ನಷ್ಟು ಬಿಗಿ ಮಾಡಿದ ತೀರ್ಪುಗಳಲ್ಲಿ ಕರ್ನಾಟಕದ ಪಾಲು ದೊಡ್ಡದು. ಬೆಂಗಳೂರಿನ ಸ್ವಾಮಿ ಶ್ರದ್ಧಾನಂದ ಪ್ರಕರಣದಲ್ಲಿ 2008ರ ಜುಲೈನಲ್ಲಿ ಸುಪ್ರೀಂ ಕೋರ್ಟು ಗಲ್ಲು ತಪ್ಪಿಸಿತು, ಆದರೆ ಮಾಫಿಯಿಲ್ಲದೆ ಸಾಯುವವರೆಗೂ ಸೆರೆ ಎಂದಿತು. ಇಂಥ ಶಿಕ್ಷೆಯನ್ನು ಹೈಕೋರ್ಟು, ಸುಪ್ರೀಂ ಕೋರ್ಟುಗಳು ವಿಧಿಸಬಹುದು, ಸೆಷನ್ಸ್ ನ್ಯಾಯಾಲಯ ವಿಧಿಸುವಂತಿಲ್ಲ ಎಂದು 2015ರಲ್ಲಿ ಶ್ರೀಹರನ್ ಪ್ರಕರಣದ ಸಂವಿಧಾನ ಪೀಠ ಬಹುಮತದಿಂದ ನಿರ್ಣಯಿಸಿತು. 2023ರಲ್ಲಿ ಬೆಂಗಳೂರಿನದೇ ಶಿವಕುಮಾರ್ ಪ್ರಕರಣದಲ್ಲಿ, ಗಲ್ಲು ವಿಧಿಸದ ಮೊಕದ್ದಮೆಗೂ ಈ ಅಧಿಕಾರ ಅನ್ವಯಿಸುತ್ತದೆಂದು ಹೇಳಿ 30 ವರ್ಷ ನಿಗದಿ ಮಾಡಲಾಯಿತು. ಎಂಬತ್ತು ದಾಟಿದ ಶ್ರದ್ಧಾನಂದನ ಬಿಡುಗಡೆಯ ಕೋರಿಕೆ 2024ರಲ್ಲಿ ತಿರಸ್ಕೃತವಾಯಿತು.

ಹಾಗಾದರೆ ತಿರಸ್ಕಾರದ ಮೇಲೆ ಏನು? ಸಹಿ ಬಿದ್ದ ತೀರ್ಪನ್ನು ಕ್ರಿಮಿನಲ್ ನ್ಯಾಯಾಲಯ, ಬರವಣಿಗೆಯ ತಪ್ಪು ತಿದ್ದುವುದನ್ನು ಬಿಟ್ಟರೆ, ಮತ್ತೆ ಮುಟ್ಟುವಂತಿಲ್ಲ. ಸುಪ್ರೀಂ ಕೋರ್ಟಿಗೆ ಮಾತ್ರ 137ನೇ ವಿಧಿಯಡಿ ಮರುಪರಿಶೀಲನೆಯ ಅಧಿಕಾರವಿದೆ. 2002ರಿಂದ ಅದರಾಚೆಗೆ ಕ್ಯುರೇಟಿವ್ ಅರ್ಜಿಯೂ ಇದೆ. ಎರಡೂ ಬಹಳ ಕಿರಿದಾದ ದಾರಿಗಳು. ಆದರೂ ಗಲ್ಲು ಶಿಕ್ಷೆಯಾಗಿದ್ದ ಬಿ.ಎ. ಉಮೇಶ್ ಪ್ರಕರಣವನ್ನು ನೋಡಬೇಕು. ಮರುಪರಿಶೀಲನಾ ಅರ್ಜಿ ಬಿದ್ದುಹೋಗಿತ್ತು, ಕ್ಷಮಾದಾನ ಸಿಕ್ಕಿರಲಿಲ್ಲ, ಕರ್ನಾಟಕ ಹೈಕೋರ್ಟು 2021ರಲ್ಲಿ ‘ಇಲ್ಲ’ ಎಂದಿತ್ತು. ಆ ‘ಇಲ್ಲ’ದ ವಿರುದ್ಧ ಹೋದ ಮೇಲ್ಮನವಿಯಲ್ಲಿ, ಬೆಳಗಾವಿ ಜೈಲಿನಲ್ಲಿ ವರ್ಷಗಟ್ಟಲೆ ಒಂಟಿ ಸೆರೆಯಲ್ಲಿ ಇಟ್ಟದ್ದು ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟು 2022ರ ನವೆಂಬರಿನಲ್ಲಿ ಗಲ್ಲನ್ನು ಜೀವಾವಧಿ ಶಿಕ್ಷೆಗೆ ಇಳಿಸಿತು, 30 ವರ್ಷ ಸೆರೆಯಲ್ಲಿ ಕಳೆದ ಮೇಲಷ್ಟೇ ಮಾಫಿಯ ಕೋರಿಕೆ ಪರಿಶೀಲಿಸಬೇಕು ಎಂದಿತು. ಅಪರಾಧ ಭೀಕರವಾಗಿತ್ತು, ಆದರೂ ಕೈದಿಯನ್ನು ಪ್ರಭುತ್ವ ಹೇಗೆ ನಡೆಸಿಕೊಂಡಿತೆಂಬ ಪ್ರಶ್ನೆಗೆ ಉತ್ತರ ಬೇಕಾಯಿತು. ಇದು ಸರಿಯಾದ ತೀರ್ಪೆಂದೇ ನನ್ನ ನಂಬಿಕೆ.

ಅವಧಿಪೂರ್ವ ಬಿಡುಗಡೆಯಲ್ಲಿ ಕೈದಿಗೆ ಸಿಕ್ಕ ಬಲ ಒಂದೇ: ಕಾರಣ ಕೇಳುವ ಹಕ್ಕು. ಅಪರಾಧ ಮರುಕಳಿಸುವ ಸಾಧ್ಯತೆ, ಕುಟುಂಬದ ಸ್ಥಿತಿಗತಿ ಮುಂತಾಗಿ ಸರ್ಕಾರ ನೋಡಬೇಕಾದ ಅಂಶಗಳನ್ನು 2000ದ ಲಕ್ಷ್ಮಣ ನಸ್ಕರ್ ತೀರ್ಪು ಎಣಿಸಿತು. ಶಿಕ್ಷೆಯಾದ ದಿನ ಜಾರಿಯಲ್ಲಿದ್ದ ನೀತಿಯೇ ಅನ್ವಯ ಎಂದಿತು 2010ರ ಜಗದೀಶ್ ತೀರ್ಪು. ನ್ಯಾಯಾಧೀಶರು ಕೊಡುವ ಅಭಿಪ್ರಾಯಕ್ಕೂ ಸಾಕಷ್ಟು ಕಾರಣವಿರಬೇಕು ಎಂದು 2022ರ ರಾಮ್ ಚಂದರ್ ತೀರ್ಪು ಹೇಳಿತು. ಕಾನೂನು ಮೀರಿ ಬಿಟ್ಟರೆ ನೊಂದವರೂ ಪ್ರಶ್ನಿಸಬಹುದೆಂದು 2024ರ ಜನವರಿಯ ಬಿಲ್ಕಿಸ್ ಬಾನು ತೀರ್ಪು ತೋರಿಸಿತು. ಸತ್ತವನ ಮನೆ, ಜೈಲಿಗೆ ಹೋದವನ ಮನೆ ಎಷ್ಟೋ ಸಲ ಒಂದೇ ಊರಿನಲ್ಲಿರುತ್ತವೆ. ಕಾರಣ ಬರೆದ ಆದೇಶ ಇಬ್ಬರಿಗೂ ಬೇಕು.

ಸುಪ್ರೀಂ ಕೋರ್ಟಿನ 2025ರ ಫೆಬ್ರವರಿ 18ರ ಆದೇಶ ಇನ್ನೂ ಮುಂದೆ ಹೋಯಿತು. ರಾಜ್ಯದ ನೀತಿಯಂತೆ ಅರ್ಹರಾದವರ ಬಿಡುಗಡೆಯನ್ನು ಅರ್ಜಿ ಇಲ್ಲದೆಯೇ ಸರ್ಕಾರ ಪರಿಶೀಲಿಸಬೇಕು. ನಿರಾಕರಿಸಿದರೆ ಕಾರಣ ಬರೆದು ಕೈದಿಗೆ ತಿಳಿಸಬೇಕು, ಅದನ್ನು ಪ್ರಶ್ನಿಸುವ ಹಕ್ಕಿದೆ ಎಂಬುದನ್ನೂ ಹೇಳಬೇಕು. ಆ ನಿರಾಕರಣೆಯ ಮೇಲೆ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು.

ಸೆರೆಯಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ; 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಕೊಟ್ಟ ಹಕ್ಕಿದು. ನಿಮ್ಮ ಮನೆಯವರ ಅರ್ಜಿ ತಿರಸ್ಕೃತವಾಗಿದ್ದರೆ ಆದೇಶದ ಪ್ರತಿ ಕೇಳಿ ಪಡೆಯಿರಿ. ಅದನ್ನು ಹಿಡಿದು ನಿಮ್ಮ ತಾಲ್ಲೂಕಿನ ಕಾನೂನು ಸೇವಾ ಸಮಿತಿಗೋ ಕೋಲಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೋ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.